ಹೂಂ ಅಂದದ್ದೋ, ಉಹೂಂ ಅಂದದ್ದೋ

"ಇವತ್ತು ಮಧ್ಯಾಹ್ನದ ಪಾಳಿ ತಾನೆ?" ಎಂದು ಗಂಡ ಬಚ್ಚಲಿನಿಂದ ಕೂಗಿ ಕೇಳಿದಾಗ ಅವಳು "ಹೂಂ" ಅಂದಳು. ಅಂದ ಮೇಲೆ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಸಮವಸ್ತ್ರದ ತೋಳಿನ ಮೇಲೆ ಹಾಗೇ ನಿಂತುಬಿಟ್ಟಿತು. ಈಗ ತನ್ನ ಬಾಯಿಂದ, ಅಲ್ಲ, ಬಾಯಿ ಎಲ್ಲಿ ಬಿಟ್ಟಿದ್ದೆ, ಮೂಗಿನಿಂದ ಹೊರಟದ್ದು ಹೂಂ ತಾನೆ? ಅದರ ಮೊದಲಿಗೆ ಒಂದು ಸಣ್ಣ ಉ ಅಂಟಿಕೊಂಡು ಬಂದಿತ್ತೇನೋ, ನಡುವೆ ಎಲ್ಲೋ ಉಸಿರು ತುಂಡಾಗಿತ್ತೇನೋ. ಸುಟ್ಟ ವಾಸನೆ ಬಂದು ಪೆಟ್ಟಿಗೆ ಎತ್ತಿದಳು. ಬಟ್ಟೆಗೇನೂ ಆಗಿರಲಿಲ್ಲ, ವಾಸನೆ ಮಾತ್ರ. "ಹೌದು, ಇವತ್ತು ನನಗೆ ಮಧ್ಯಾಹ್ನದ ಪಾಳಿ" ಎಂದು ಮತ್ತೆ ಜೋರಾಗಿ, ಬಿಡಿಬಿಡಿಯಾಗಿ ಹೇಳಿದಳು. ಬಸ್ ನಿಲ್ದಾಣದಲ್ಲಿ ಯಾರೋ ಪ್ರಕಟಣೆ ಕೊಟ್ಟ ಹಾಗೆ ಕೇಳಿಸಿತು. ಗಂಡ ತಲೆಗೆ ಟವೆಲು ಸುತ್ತಿಕೊಂಡು ಬಾಗಿಲಿಗೆ ಬಂದು ನಿಂತು, "ಯಾಕೆ, ನನಗೇನು ಕಿವಿ ಮಂದವಾಯ್ತು ಅಂದ್ಕೊಂಡ್ಯಾ?" ಎಂದು ನಕ್ಕ. ಪಾಪ, ಅವನಿಗೇನು ಗೊತ್ತು. ಮದುವೆಯಾದಾಗಿನಿಂದ ಅವನು ಹೇಳಿದ ಕಥೆಗಳಿಗೆಲ್ಲ, ಅವನ ವರ್ಕ್‌ಶಾಪಿನ ಜಗಳಗಳಿಗೆಲ್ಲ, ಒಲೆಯ ಕಡೆ ಮುಖ ಮಾಡಿಕೊಂಡು ಹೂಂಗುಟ್ಟಿದವಳು ಅವಳು. ಒಂದು ದಿನವೂ ಅವನು ಏನಂದೆ ಎಂದು ತಿರುಗಿ ಕೇಳಿದವನಲ್ಲ.

ನಿನ್ನೆ ಅವಳೂ ತಿರುಗಿ ಕೇಳಲಿಲ್ಲ. ಅಷ್ಟೇ ಆದದ್ದು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ಅವಳ ಮನಸ್ಸು ಅದನ್ನೇ ಮತ್ತೆ ಮತ್ತೆ ತಿರುವಿ ಹಾಕುತ್ತಿತ್ತು. ವಾರ್ಡಿನ ತುದಿಯಿಂದ ಟ್ರೇ ಹಿಡಿದು ಬಂದಿದ್ದಳು. ಕಾಲಿನ ಹುಣ್ಣಿಗೆಂದು ಬಂದು ಮಲಗಿದ್ದ ಟೇಲರಮ್ಮನಿಗೆ ರಾತ್ರಿಯೂಟಕ್ಕೆ ಮೊದಲು ಇನ್ಸುಲಿನ್ ಕೊಡಬೇಕಿತ್ತು. ಗಿಳಿ ಪಕ್ಕದ ಹಾಸಿಗೆಯವನ ವಾಂತಿಗೆ ಬೇಸಿನ್ ಹಿಡಿದು ಬಗ್ಗಿದ್ದಳು. ಗಿಳಿ ಎಂದರೆ ಆ ಚಿಕ್ಕ ನರ್ಸು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳ ಬಾಯಿ ನಿಲ್ಲುತ್ತಿರಲಿಲ್ಲವೆಂದು ಆ ಹೆಸರು ಇಟ್ಟವಳೂ ಇವಳೇ. "ಟೇಲರಮ್ಮನಿಗೆ ಕೊಟ್ಟಾ?" ಎಂದು ಕೇಳಿದ್ದಳು. ಗಿಳಿ ತಲೆ ಎತ್ತಲಿಲ್ಲ. ಮಾಸ್ಕಿನ ಹಿಂದಿನಿಂದ ಒಂದು ಸದ್ದು ಬಂತು. ಅವಳಿಗೆ ಅದು ಉಹೂಂ ಎಂದು ಕೇಳಿಸಿತು. ಚಾರ್ಟು ನೋಡಿದಳು, ಕೊಟ್ಟ ಗುರುತಿರಲಿಲ್ಲ; ಕೊಟ್ಟ ಕೂಡಲೇ ಪಕ್ಕದವನು ಕಕ್ಕಲು ಶುರುಮಾಡಿದ್ದರಿಂದ ಗಿಳಿ ಗುರುತು ಹಾಕದೆ ಓಡಿದ್ದಳೆಂದು ಆಮೇಲೆ ತಿಳಿಯಿತು. ಇವಳು ಇನ್ನೊಂದು ಸಲ ಕೊಟ್ಟಳು. ಊಟದ ತಟ್ಟೆ ಮುಂದಿದ್ದರೂ ಟೇಲರಮ್ಮ ಒಂದು ತುತ್ತು ಎತ್ತಲಿಲ್ಲ. ಹಣೆಯೆಲ್ಲ ಬೆವರಿ, ಕಣ್ಣು ಎಲ್ಲೋ ನೆಟ್ಟು, ಎರಡು ಬೆರಳಲ್ಲಿ ಗಾಳಿಯಲ್ಲಿ ಏನನ್ನೋ ಹಿಡಿದು ಸೂಜಿಗೆ ದಾರ ಪೋಣಿಸುವ ಹಾಗೆ ಮಾಡುತ್ತಿದ್ದಳು. ಇಲ್ಲದ ಸೂಜಿ, ಇಲ್ಲದ ದಾರ. ನಾಲಿಗೆಯ ತುದಿಗೆ ಬೆರಳು ಮುಟ್ಟಿಸಿ ದಾರದ ತುದಿಯನ್ನು ಒದ್ದೆಮಾಡಿಕೊಂಡಳು ಕೂಡ. ಗ್ಲೂಕೋಸು ಏರಿಸಿದ ಮೇಲೆ ಸರಿಹೋದಳು, ಡಾಕ್ಟರು ಬಂದು ನೋಡಿದರು, ನರ್ಸುಗಳು ಎಲ್ಲ ತಿಳಿಸಿದರು, ಡಾಕ್ಟರು ಬರೆದುಕೊಂಡರು. ಟೇಲರಮ್ಮನಿಗೂ ಅವಳ ಮಗಳಿಗೂ "ಸ್ವಲ್ಪ ಸಕ್ಕರೆ ಇಳಿದಿತ್ತು" ಎಂದು ಹೇಳಿದರು. ಇಳಿದಿತ್ತು. ಮೆಟ್ಟಿಲು ಇಳಿದ ಹಾಗೆ, ತನ್ನ ಪಾಡಿಗೆ ತಾನೇ.

ಬಸ್ಸಿನಿಂದ ಇಳಿಯುವಾಗ ಅವಳನ್ನು ಮುಖ್ಯವಾಗಿ ಕಾಡಿದ್ದು ಟೇಲರಮ್ಮ ಅಲ್ಲ, ಸೋಮವಾರ. ಹಾಗೆ ಕಾಡಿತಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು, ಆದರೂ ಕಾಡಿತು. ಸೋಮವಾರ ಹೊಸ ನರ್ಸುಗಳ ತಂಡ ಬರುವುದಿತ್ತು. ಹೊಸಬರು ಬಂದರೆ ಅವರನ್ನು ಮೊದಲು ಅವಳ ಕೈಗೆ ಕೊಡುವುದು ಈ ವಾರ್ಡಿನಲ್ಲಿ ನಡೆದುಬಂದ ರೀತಿ. ಅದಕ್ಕೆ ಯಾವ ಹುದ್ದೆಯೂ ಇಲ್ಲ, ಬಿಲ್ಲೆಯೂ ಇಲ್ಲ. ಇನ್‌ಚಾರ್ಜ್ ಆಗುವ ಸರದಿ ತಪ್ಪಿ ಅವಳ ಬ್ಯಾಚಿನವಳಿಗೇ ಹೋದಾಗಲೂ, ಹೋಗಲಿ, ಹೊಸಬರು ನನ್ನವರಲ್ಲವೇ ಎಂದುಕೊಂಡಿದ್ದಳು. ನಡುಗುವ ಕೈಗಳನ್ನು ತನ್ನ ಕೈಯಲ್ಲಿ ಹಿಡಿದು ನರ ಎಲ್ಲಿದೆ ಎಂದು ಮುಟ್ಟಿಸಿ ತೋರಿಸುವುದು, ಅವು ಒಂದು ದಿನ ನಡುಗುವುದನ್ನು ಬಿಟ್ಟುಬಿಡುವುದು, ಆ ಹುಡುಗಿಗೂ ಗೊತ್ತಾಗದ ಹಾಗೆ ಬಿಟ್ಟುಬಿಡುವುದು. ಅದನ್ನು ನೋಡಿದವಳು ಅವಳೊಬ್ಬಳೇ. ಅವಳ ಮಗಳು ನಡೆಯಲು ಕಲಿತದ್ದನ್ನು ಅವಳು ನೋಡಿರಲಿಲ್ಲ, ಪಾಳಿಯಲ್ಲಿದ್ದಳು.

ಪಾಳಿ ಬದಲಾಗುವ ಹೊತ್ತಿಗೆ ಎರಡೂ ಪಾಳಿಯವರು ಸಿಗುತ್ತಾರೆಂದು ಪಾಠದ ಹೊತ್ತು ಅದೇ. ಒಬ್ಬರಿಗೆ ತಿಳಿದದ್ದನ್ನು ಉಳಿದವರಿಗೆ ಹೇಳಿಕೊಡಬೇಕು. ವಾರ್ಡಿನ ಸಾಮಾನು ಕೋಣೆಯಲ್ಲಿ ಬಿಳಿ ಚಾದರಗಳ ಅಟ್ಟಿ, ಮುಳ್ಳು ಕೆಟ್ಟ ತೂಕದ ಯಂತ್ರ, ಒಂದು ಕಾಲು ಗಿಡ್ಡವಾದ ಬೆಂಚು, ಇವುಗಳ ನಡುವೆ ಎಲ್ಲರೂ ಕೂತಿದ್ದರು. ಅವಳು ಹೋದಾಗ ಮಾತು ನಿಂತಿತು. ನಿಂತದ್ದನ್ನು ಮುಚ್ಚಲು ಬ್ರದರ್, ಎಂದರೆ ವಾರ್ಡಿನ ಒಬ್ಬನೇ ಗಂಡು ನರ್ಸು, "ಬನ್ನಿ ಅಕ್ಕ, ಸಿಂಹಾಸನ ಖಾಲಿ ಇದೆ" ಎಂದು ತೂಕದ ಯಂತ್ರ ತೋರಿಸಿದ. ಅವಳು ಬೆಂಚಿನ ಗಿಡ್ಡ ಕಾಲಿನ ಕಡೆ ಕೂತಳು. ಬೆಂಚು ಕಟ್ ಎಂದು ವಾಲಿತು, ಎಲ್ಲರೂ ವಾಲಿದರು.

"ನಾವಿಲ್ಲಿ ಯಾರ ತಪ್ಪು ಅಂತ ಹುಡುಕೋಕೆ ಕೂತಿಲ್ಲ," ಎಂದು ಇನ್‌ಚಾರ್ಜ್ ಶುರುಮಾಡಿದಳು. ಹಾಗೆ ಹೇಳುವಾಗ ಅವಳು ಗೋಡೆ ನೋಡುತ್ತಿದ್ದಳು. ತಪ್ಪು ಹುಡುಕುವುದಿಲ್ಲ ಎಂದರೆ ಹುಡುಕಿ ಆಗಿದೆ ಎಂದರ್ಥ, ಅಂದುಕೊಂಡಳು ಅವಳು. ಅವಳು ಹೊಸಬಳಾಗಿದ್ದಾಗ ಕಲಿಸಿದ ಮುದುಕಿ ಸಿಸ್ಟರು ಹೀಗೆಲ್ಲ ಸುತ್ತಿ ಬಳಸುತ್ತಿರಲಿಲ್ಲ, ತೋಳಿನ ಒಳಬದಿಗೆ ಚಿವುಟುತ್ತಿದ್ದಳು. "ಬಾಯಿ ಮುಚ್ಚು, ನನ್ನ ಕೈ ನೋಡು." ಚಿವುಟಿದ ಗುರುತು ಸಂಜೆಗೆ ಹೋಗುತ್ತಿತ್ತು. ಇದು ಎಷ್ಟು ದಿನಕ್ಕೆ ಹೋಗುತ್ತದೋ.

ಗಿಳಿಗೆ ಮಾಸ್ಕು ಹಾಕಿಸಿ ಪರದೆಯ ಹಿಂದೆ ನಿಲ್ಲಿಸಿದರು. ಒಳಗಿನಿಂದ ಅವಳು ಸದ್ದು ಮಾಡಬೇಕು, ಇವರು ಹೂಂ ಎಂದು ಕೇಳಿಸಿದರೆ ಕೈ ಎತ್ತಬೇಕು. ಒಂದು ಸದ್ದಿಗೆ ಅರ್ಧ ಜನ ಕೈ ಎತ್ತಿದರು. ಇನ್ನೊಂದಕ್ಕೂ ಅರ್ಧ ಜನ, ಆದರೆ ಬೇರೆ ಅರ್ಧ. "ನಮ್ಮನೇಲಿ ದಿನಾ ಇದೇ ನಡೆಯೋದು," ಎಂದ ಬ್ರದರ್, "ನಾನು ಉಹೂಂ ಅಂದ್ರೆ ಸಾಕು, ಹೆಂಡ್ತಿ ಚೀಲ ಹಿಡ್ಕೊಂಡು ಅಂಗಡಿಗೆ ಹೊರಟಿರ್ತಾಳೆ." ಎಲ್ಲರೂ ನಕ್ಕರು. ಅವಳೂ ನಕ್ಕಳು, ಒಂದು ಕ್ಷಣ ಎದೆ ಹಗುರವಾಯಿತು. ನೋಡಿ, ಯಾರಿಗೂ ಕೇಳಿಸುವುದಿಲ್ಲ, ನನ್ನ ಕಿವಿ ಒಂದೇ ಅಲ್ಲ. ಪರದೆ ಸರಿಸಿ ಗಿಳಿ ಹೊರಗೆ ಬಂದಳು, ಮಾಸ್ಕಿನ ದಾರ ಕಿವಿಯ ಹಿಂದೆ ಕೆಂಪು ಗೆರೆ ಎಳೆದಿತ್ತು.

"ಅಲ್ಲ, 'ಕೊಟ್ಟಿದ್ದೀನಿ' ಅನ್ನೋಕೆ ಏನಾಗಿತ್ತು ನಿಂಗೆ? ನಾಲಿಗೆ ಸವೀತಿತ್ತಾ?" ಎಂದು ಇನ್‌ಚಾರ್ಜ್ ಗಿಳಿಯನ್ನು ಕೇಳಿದಳು. ಅಷ್ಟರಲ್ಲಿ ಬ್ರದರ್, ಯಾವ ಕೆಟ್ಟ ಮನಸ್ಸೂ ಇಲ್ಲದೆ, ಹೊಗಳುವ ದನಿಯಲ್ಲೇ, "ಅದು ಅಕ್ಕ ಕಲಿಸಿದ್ದಲ್ವಾ ಸಿಸ್ಟರ್? ನಮಗೆಲ್ಲ ಮೊದಲನೇ ಪಾಠಾನೇ ಅದು. ಹಾಸಿಗೆ ಪಕ್ಕ ಔಷಧಿ ಸುದ್ದಿ ಎತ್ತಬಾರದು, ಮಲಗಿರೋರಿಗೆ ಭಯ ಆಗುತ್ತೆ, ಹೂಂ ಅಂದು ಮುಂದೆ ಹೋಗಬೇಕು ಅಂತ. ಮಾತಾಡಿದ್ದಕ್ಕೇ ತಾನೆ ಇವಳಿಗೆ ಗಿಳಿ ಅಂತ ಹೆಸರಿಟ್ಟಿದ್ದು," ಎಂದ. "ಅದೆಲ್ಲ ಈಗ ಯಾಕೆ ಬಿಡಿ ಬ್ರದರ್," ಎಂದಳು ಗಿಳಿ ತಟ್ಟನೆ. ಆ ತಟ್ಟನೆ ಬಂದ ಮಾತೇ ಇವಳನ್ನು ಇರಿದದ್ದು. ಹುಡುಗಿಗೆ ಗೊತ್ತಿತ್ತು. ನಿನ್ನೆ ರಾತ್ರಿಯಿಡೀ ಗೊತ್ತಿತ್ತು, ಇಷ್ಟು ಹೊತ್ತೂ ಗೊತ್ತಿತ್ತು, ಹೇಳದೆ ಇಟ್ಟುಕೊಂಡಿದ್ದಳು. ತಾನು ಬಯ್ಯಬಹುದಾದವಳು ತನ್ನನ್ನು ಕಾಪಾಡುತ್ತಿದ್ದಾಳೆ!

ಆದರೆ ನಾನು ಕಲಿಸಿದ್ದು ಸುಳ್ಳೇ? ಅವಳಿಗೆ ಎದ್ದು ನಿಂತು ಕೇಳಬೇಕೆನಿಸಿತು. ಮಲಗಿರುವವರ ಕಿವಿ ಎಂಥದ್ದೆಂದು ನಿಮಗೆ ಗೊತ್ತೇ? ಅವಳ ಅಮ್ಮ ಹೀಗೇ ಒಂದು ವಾರ್ಡಿನಲ್ಲಿ, ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದಾಗ, ಕಾಲ ಬಳಿ ನಿಂತ ಇಬ್ಬರು ನರ್ಸುಗಳು ಈ ಔಷಧಿ ಇನ್ನೂ ಹೆಚ್ಚು ಮಾಡಬೇಕಂತೆ, ಹೆಚ್ಚು ಮಾಡಿದರೂ ಅಷ್ಟೇ ಎಂದು ಮಾತಾಡಿಕೊಂಡು ಹೋಗಿದ್ದರು. ಅಮ್ಮ ಆಮೇಲೆ ಇವಳ ಕೈ ಹಿಡಿದು, "ಮನೆಗೆ ಹೋಗ್ತೀನಾ ನಾನು?" ಎಂದು ಕೇಳಿದಳು. ಇವಳು ಹೂಂ ಅಂದಳು. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ, ಒಂದು ಚಾದರ ಹೊದಿಸಿದ ಹಾಗೆ. ಅಮ್ಮ ನಿದ್ದೆ ಹೋದಳು. ಅಂಥ ಒಂದು ಸದ್ದನ್ನು ಬಿಟ್ಟು ಇನ್ನೇನು ಕಲಿಸಬೇಕಿತ್ತು ಈ ಮಕ್ಕಳಿಗೆ? ಆದರೆ ಅಮ್ಮನಿಗೆ ಅದು ಏನೆಂದು ಕೇಳಿಸಿತ್ತು? ಈ ಪ್ರಶ್ನೆ ಇದುವರೆಗೆ ಹೊಳೆದೇ ಇರಲಿಲ್ಲ. ಕೇಳಲು ಅಮ್ಮ ಇಲ್ಲ. ಅವಳು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಳು, ಬೆಂಚು ಮತ್ತೆ ಕಟ್ ಎಂದಿತು.

"ಇನ್ನು ಮೇಲೆ ಹೂಂ ಇಲ್ಲ, ಉಹೂಂ ಇಲ್ಲ. ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ಪೂರ್ತಿ ತಿರುಗಿ ಹೇಳಬೇಕು, ಮೊದಲನೆಯವರು ಸರಿ ಅನ್ನಬೇಕು," ಎಂದಳು ಇನ್‌ಚಾರ್ಜ್. "ಗಿಳಿಪಾಠ," ಎಂದು ಯಾರೋ ಪಿಸುಗುಟ್ಟಿದರು. "ಹೌದು, ಗಿಳಿಪಾಠವೇ. ಅದಕ್ಕೇ ಹೇಳ್ತಿರೋದು, ಸೋಮವಾರ ಬರೋ ಹೊಸಬರನ್ನ ಈ ಸಲ ಗಿಳಿ ನೋಡ್ಕೊಳ್ಳಲಿ. ಅಕ್ಕನಿಗೂ ಸ್ವಲ್ಪ ಆರಾಮ." ಆರಾಮ! ಅವಳ ಗಂಟಲಿನಿಂದ ಅಭ್ಯಾಸಬಲದಿಂದ "ಹೂಂ" ಹೊರಟಿತು. ಕೋಣೆ ಗೊಳ್ಳೆಂದಿತು. "ಆಗಲ್ಲ, ಆಗಲ್ಲ," ಎಂದು ಇನ್‌ಚಾರ್ಜ್ ಕೂಡ ನಗು ತಡೆಯಲಾರದೆ ಕೈಯಾಡಿಸಿದಳು, "ತಿರುಗಿ ಹೇಳಿ." ಎಲ್ಲರೂ ಅವಳನ್ನೇ ನೋಡುತ್ತಿದ್ದರು, ಪ್ರೀತಿಯಿಂದಲೇ ನೋಡುತ್ತಿದ್ದರು, ಮಗು ಮೊದಲ ಪದ್ಯ ಹೇಳುವಾಗ ನೆಂಟರು ನೋಡುವ ಹಾಗೆ. "ಹೊಸಬರನ್ನ," ಎಂದಳು ಅವಳು. "ಹೊಸಬರನ್ನ ಈ ಸಲ ಗಿಳಿ ನೋಡ್ಕೊಳ್ತಾಳೆ." "ಸರಿ," ಎಂದಳು ಇನ್‌ಚಾರ್ಜ್. ಬ್ರದರ್ ಚಪ್ಪಾಳೆ ತಟ್ಟಿದ.

ಹೊರಗೆ ಮೊಗಸಾಲೆಯಲ್ಲಿ ಇನ್‌ಚಾರ್ಜ್ ಅವಳ ಭುಜ ಹಿಡಿದಳು. ನಾಲ್ಕು ಜನರೆದುರು ನೀವು, ಇಬ್ಬರೇ ಇದ್ದಾಗ ನೀನು. "ನೀನು ಮನಸ್ಸಿಗೆ ಹಚ್ಕೋಬೇಡ ಕಣೆ. ಒಂದು ಸಲಕ್ಕೆ ಅಷ್ಟೇ."

"ನಾನೇನು ಅಂದೆ?"

"ನೀನು ಏನೂ ಅನ್ನಲಿಲ್ಲ. ಅದಕ್ಕೇ ಹೇಳಿದ್ದು."

ಸಂಜೆಯವರೆಗೆ ಅವಳು ಯಾರ ಜೊತೆಯೂ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಲಿಲ್ಲ. ಬೇಕಾದ ಮಾತುಗಳೇ ದುಪ್ಪಟ್ಟಾಗಿದ್ದವು. ಎರಡನೇ ಹಾಸಿಗೆಗೆ ಜ್ವರದ ಮಾತ್ರೆ ಒಂದು. ಎರಡನೇ ಹಾಸಿಗೆಗೆ ಜ್ವರದ ಮಾತ್ರೆ ಒಂದು. ಸರಿ. ಬಾಗಿಲ ಪಕ್ಕದವರಿಗೆ ಡ್ರಿಪ್ ಮುಗಿಯಿತು. ಬಾಗಿಲ ಪಕ್ಕದವರಿಗೆ ಡ್ರಿಪ್ ಮುಗಿಯಿತು. ಸರಿ. ಇಡೀ ವಾರ್ಡು ಒಂದು ಖಾಲಿ ಹಂಡೆಯಾಗಿ, ಯಾರು ಏನಂದರೂ ಅದನ್ನೇ ವಾಪಸು ಉಗುಳುತ್ತಿತ್ತು. ಮಗ್ಗಿ ಒಪ್ಪಿಸುವಾಗ ತಪ್ಪಿದವರನ್ನು ಬಾಗಿಲಲ್ಲಿ ನಿಲ್ಲಿಸುತ್ತಿದ್ದ ಮೇಷ್ಟ್ರು ನೆನಪಾದರು. ಅವಳು ಯಾವತ್ತೂ ತಪ್ಪಿರಲಿಲ್ಲ. ತಪ್ಪುತ್ತೇನೆಂಬ ಹೆದರಿಕೆಗೆ ಒಂದು ದಿನ ಅಲ್ಲೇ ಉಚ್ಚೆ ಹೊಯ್ದುಕೊಂಡಿದ್ದಳು, ಅಷ್ಟೇ. ರೋಗಿಗಳು ದಿಂಬಿನಿಂದ ತಲೆ ಎತ್ತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲ ಪಕ್ಕದವನು, "ಏನಮ್ಮ, ನಾಟಕದ ಪ್ರಾಕ್ಟೀಸಾ?" ಎಂದು ಕೇಳಿದ. ನೋಡಿ, ನೋಡಿ, ಎಂದುಕೊಂಡಳು. ಯಾರಿಗೆ ನೋಡಿ ಎನ್ನುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ.

ಊಟದ ಗಾಡಿಯ ಸದ್ದು ಕೇಳುವ ಹೊತ್ತಿಗೆ ಇಬ್ಬರೂ ಟೇಲರಮ್ಮನ ಹಾಸಿಗೆಯ ಎರಡು ಬದಿಗೆ ನಿಂತರು. ಟೇಲರಮ್ಮ ಚೇತರಿಸಿಕೊಂಡಿದ್ದಳು. ಕನ್ನಡಕ ಏರಿಸಿ ಚಾದರದ ಅಂಚಿನ ಹೊಲಿಗೆಯನ್ನು ಉಗುರಿನಿಂದ ಕೆದಕುತ್ತಾ, "ಇದನ್ನ ಹೊಲಿದವರಿಗೆ ಕಣ್ಣಿರಲಿಲ್ಲ," ಎನ್ನುತ್ತಿದ್ದಳು. ಗಿಳಿ ಸಿರಿಂಜನ್ನು ಬೆಳಕಿಗೆ ಹಿಡಿದು ತೋರಿಸಿ, ಮಧ್ಯಾಹ್ನ ಕಲಿತ ಹುರುಪಿನಲ್ಲಿ, "ಟೇಲರಮ್ಮನಿಗೆ ಇನ್ಸುಲಿನ್, ಎಂಟು ಯೂನಿಟ್, ಈ ಪಾಳಿಯಲ್ಲಿ ಇನ್ನೂ ಕೊಟ್ಟಿಲ್ಲ," ಎಂದಳು.

"ಟೇಲರಮ್ಮನಿಗೆ ಇನ್ಸುಲಿನ್, ಎಂಟು ಯೂನಿಟ್. ಈ ಪಾಳಿಯಲ್ಲಿ ಇನ್ನೂ ಕೊಟ್ಟಿಲ್ಲ."

"ಸರಿ."

ಟೇಲರಮ್ಮ ಚಾಚಿದ್ದ ತೋಳನ್ನು ಹಿಂದಕ್ಕೆಳೆದುಕೊಂಡಳು. "ಒಂದ್ನಿಮಿಷ. ಇನ್ನೂ ಕೊಟ್ಟಿಲ್ಲ ಅಂದ್ರೆ? ಕೊಟ್ಟು ಮರೆತು ಮತ್ತೆ ಕೊಡೋದೂ ಉಂಟಾ?"

"ಇಲ್ಲಮ್ಮ, ಇದು ಹೊಸ ಪದ್ಧತಿ," ಎಂದಳು ಗಿಳಿ.

"ಹೊಸ ಪದ್ಧತಿ ಸುಮ್ಸುಮ್ನೆ ಯಾಕೆ ಬರುತ್ತೆ? ನಮ್ಮಂಗಡೀಲೂ ಹಾಗೇ. ಯಾರದೋ ಅಂಗಿ ಕೆಟ್ಟ ಮಾರನೇ ದಿನವೇ ಹೊಸ ಪದ್ಧತಿ. ಯಾರ ಅಂಗಿ ಕೆಡ್ತು ಇಲ್ಲಿ?" ಮಾತು ತಮಾಷೆಯಂತೆ ಹೊರಟು ಅರ್ಧದಾರಿಯಲ್ಲಿ ಬಣ್ಣ ಬದಲಿಸಿತು. ತೋಳನ್ನು ಚಾದರದೊಳಗೆ ಬಚ್ಚಿಟ್ಟುಕೊಂಡಳು. "ನಿನ್ನೆ ನಂಗೇನಾಗಿತ್ತು?"

ಹೇಳಬೇಕಾದ ವಾಕ್ಯ ಯಾವುದೆಂದು ಪಾಠದಲ್ಲಿ ಇತ್ತು; ಕೇಳಿದವರು ಹೆದರಿದರೆ ಏನು ಹೇಳಬೇಕೆಂಬುದು ಇರಲಿಲ್ಲ. ಗಿಳಿ ಹಾಸಿಗೆಯ ಆಚೆಯಿಂದ ಅಕ್ಕನ ಕಡೆ ನೋಡಿದಳು, ಹೊಸದಾಗಿ ಬಂದ ವಾರದಲ್ಲಿ ನೋಡುತ್ತಿದ್ದ ಹಾಗೆಯೇ. ಇವಳು ಅದನ್ನು ನೋಡಿಯೂ ನೋಡದಂತೆ ಟ್ರೇಯಲ್ಲಿದ್ದ ಹತ್ತಿಯ ಉಂಡೆಗಳನ್ನು ಸಾಲು ಮಾಡಿದಳು. ಹೇಳು ತಾಯಿ. ಸೋಮವಾರದ ಮೇಷ್ಟ್ರು ನೀನಲ್ಲವೇ, ಹೇಳು. ಒಳಗೆ ಏನೋ ಬೆಚ್ಚಗೆ ಹರಿಯಿತು, ಚಳಿಯಲ್ಲಿ ಬಿಸಿನೀರು ಮೈಮೇಲೆ ಬಿದ್ದ ಹಾಗೆ, ಅಷ್ಟು ಹಿತವಾಗಿ. ಆಗ ಗಿಳಿಯ ಕೈ ಕಣ್ಣಿಗೆ ಬಿತ್ತು. ಸಿರಿಂಜು ಹಿಡಿದ ಕೈ ನಡುಗುತ್ತಿತ್ತು. ತಾನೇ ಹಿಡಿದು ನಡುಕ ಬಿಡಿಸಿದ ಕೈ ಅದು.

ಅವಳು ಸ್ಟೂಲು ಎಳೆದುಕೊಂಡು ಕೂತಳು. ಮಾಸ್ಕನ್ನು ಗಲ್ಲಕ್ಕೆ ಇಳಿಸಿದಳು. "ನಿನ್ನೆ ಈ ಇಂಜೆಕ್ಷನ್ ನಿಮಗೆ ಎರಡು ಸಲ ಬಿತ್ತು. ಇವಳು ಕೊಟ್ಟಿದ್ದಳು. ಕೊಟ್ಟಿಲ್ಲ ಅಂದ್ಕೊಂಡು ನಾನು ಮತ್ತೆ ಕೊಟ್ಟೆ. ಅದಕ್ಕೇ ಸಕ್ಕರೆ ಇಳೀತು, ಅದಕ್ಕೇ ನಿಮಗೆ ಹಾಗಾಯ್ತು. ಈಗ ಏನೂ ತೊಂದರೆ ಇಲ್ಲ, ಡಾಕ್ಟರು ನೋಡಿದ್ದಾರೆ."

ಊಟದ ಗಾಡಿ ಬಂದು, ತಟ್ಟೆ ಇಟ್ಟು, ಮುಂದೆ ಹೋಯಿತು. "ಇಳಿದಿತ್ತು ಅಂದ್ರಿ," ಎಂದಳು ಟೇಲರಮ್ಮ. "ತಾನಾಗೇ ಇಳಿದ ಹಾಗೆ. ನಾನು ರಾತ್ರಿಯೆಲ್ಲ ಯೋಚನೆ ಮಾಡ್ದೆ, ನನ್ನ ತಲೆ ಕೆಡ್ತಾ ಬಂತು ಅಂತ. ಮಗಳಿಗೆ ಅಂಗಡಿ ಕೊಟ್ಟುಬಿಡ್ತೀನಿ, ಇನ್ನು ನಂಗೆ ಕತ್ತರಿ ಹಿಡಿಯೋಕಾಗಲ್ಲ ಅಂತಾನೂ ಹೇಳ್ಬಿಟ್ಟೆ ಬೆಳಿಗ್ಗೆ." ಕಣ್ಣೊರೆಸಿಕೊಳ್ಳಲಿಲ್ಲ, ಕನ್ನಡಕ ತೆಗೆದು ಸೆರಗಿನಿಂದ ಗಾಜು ಒರೆಸಿದಳು. ಇವಳು ಟೇಲರಮ್ಮನ ಕಾಲಿನ ಮೇಲೆ ಕೈ ಇಡಲು ಹೋದಳು. ಕಾಲು ಸರಿಯಿತು. "ಕೊಡಿ, ಊಟ ಆರುತ್ತೆ. ಇನ್ನೊಂದ್ಸಲ ಹೇಳಿ ಇಬ್ಬರೂ, ನಾನೂ ಕೇಳ್ತೀನಿ. ಅವಳೇ ಕೊಡ್ಲಿ. ನೀನು ಬೇಡ."

ಇಬ್ಬರೂ ಇನ್ನೊಂದು ಸಲ ಹೇಳಿದರು. ಗಿಳಿ ಕೊಟ್ಟಳು, ಕೂಡಲೇ ಚಾರ್ಟಿನಲ್ಲಿ ಗುರುತು ಹಾಕಿದಳು. ಇವಳು ಟ್ರೇ ಹಿಡಿದು ನಿಂತಿದ್ದಳು, ಅಷ್ಟೇ ಕೆಲಸ.

ತೊಟ್ಟಿಯ ಬಳಿ ಇಬ್ಬರೂ ಕೈ ತೊಳೆದರು. ಹೇಳಿದ್ದು ಸರಿಯಾಯಿತೋ, ಹೇಳಿದ ಹೊತ್ತು ತಪ್ಪಾಯಿತೋ, ಇನ್‌ಚಾರ್ಜ್ ನಾಳೆ ಏನನ್ನುತ್ತಾಳೋ. ಮೂವರಲ್ಲಿ ಯಾರಿಗೂ ಹಗುರವಾದ ಹಾಗೆ ಕಾಣಲಿಲ್ಲ. ಗಿಳಿ ನಲ್ಲಿ ನಿಲ್ಲಿಸಿದಳು.

"ಅಕ್ಕ, ಅವರು ಬಂದಾಗ ಇದನ್ನ ಹೇಗೆ ಹೇಳಿಕೊಡ್ಲಿ?"

"ಯಾವುದನ್ನ?"

"ಇದೇ. ಪೂರ್ತಿನೂ ಹೇಳಬೇಕು, ಮಲಗಿರೋರು ಹೆದರಲೂಬಾರದು. ಅದನ್ನ."

ಅವಳು ಉತ್ತರ ಕೊಡಲು ಬಾಯಿ ತೆರೆದಳು. ಎಷ್ಟೋ ವರ್ಷದಿಂದ ಇಂಥ ಪ್ರಶ್ನೆಗೆ ಉತ್ತರ ತಾನಾಗಿ ನಾಲಿಗೆಗೆ ಬರುತ್ತಿತ್ತು. ಈಗಲೂ ಬಂದವು, ಒಂದರ ಹಿಂದೆ ಒಂದು, ಸ್ಟೂಲು ಎಳೆದುಕೊಂಡು ಕೂರು, ಮಾಸ್ಕು ಇಳಿಸು, ಮೆಲ್ಲಗೆ ಹೇಳು. ಎಲ್ಲವನ್ನೂ ಈಗ ತಾನೇ ಮಾಡಿದ್ದಳು. ಆ ಕಾಲು ಸರಿದಿತ್ತು.

"ನಂಗೆ ಗೊತ್ತಿಲ್ಲ ಕಣೆ," ಎಂದಳು.

ಗಿಳಿ ಒದ್ದೆ ಕೈಗಳನ್ನು ಹಾಗೇ ಮುಂದೆ ಹಿಡಿದುಕೊಂಡು ಅವಳ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಅಣಕವಿದೆಯೇ ಎಂದು ಇವಳು ಹುಡುಕಿದಳು, ಇರಲಿಲ್ಲ. ಹುಡುಗಿ ಬರೀ ಹೊಸ ಪದ್ಧತಿಯನ್ನು ಪಾಲಿಸಲು ಹೊರಟಿದ್ದಳು.

"ನಿಮಗೆ ಗೊತ್ತಿಲ್ಲ ಅಂದ್ರಿ," ಎಂದಳು ಗಿಳಿ, ಬಿಡಿಬಿಡಿಯಾಗಿ, ಒಂದಕ್ಷರವೂ ನುಂಗದೆ. ಆಮೇಲೆ ಕಾದಳು.

ಕಾಯುತ್ತಲೇ ಇದ್ದಳು.

"ಸರಿ," ಎಂದಳು ಅವಳು.